ತಗಡಿನ ಕಪ್ಪೆಗೊಂದು ಬಾಡಿಗೆ ಕೋಣೆ

...ಅಲ್ಲಲ್ಲ, ಆ ಪೆಟ್ಟಿಗೆ ಮೇಲಿನ ಹಲಗೆಗೆ ಬೇಡಮ್ಮ, ಕೆಳಗೇ ಇರಲಿ. ಅದರಲ್ಲಿ ಡೋಲು ಬಾರಿಸೋ ಕರಡಿ ಇದೆ. ಕೀ ಇನ್ನೂ ಪೂರ್ತಿ ಇಳಿದಿಲ್ಲ, ಸ್ವಲ್ಪ ಅಲ್ಲಾಡಿದ್ರೂ ಬಾರಿಸೋಕೆ ಶುರು ಮಾಡುತ್ತೆ. ಪಕ್ಕದ ಕೋಣೆ ಬಾಡಿಗೆಗೆ ಹಿಡಿದವರು ಏನಂದ್ಕೋತಾರೆ.

ಯಾಕೆ ನಗ್ತಿದೀಯ? ನಗು, ನಗು. ಬೇರೆ ಮಾವಂದಿರು ಸೊಸೆ ಕೈಗೆ ಒಡವೆ ಕೊಡ್ತಾರೆ, ನಾನು ತಗಡಿನ ಕಪ್ಪೆ ಹೊರಿಸ್ತಿದೀನಿ. ಮೂರು ಮಹಡಿ ಬೇರೆ.

ಆದ್ರೆ ಸಾಮಾನು ಇಡೋಕೆ ಕೋಣೆ ಚೆನ್ನಾಗಿದೆ, ಅಲ್ವಾ? ಕಿಟಕಿ ಇಲ್ಲ, ಬಿಸಿಲಿಲ್ಲ, ಧೂಳಿಲ್ಲ. ಕಬ್ಬಿಣದ ಷಟರ್ರು. ಕೆಳಗೆ ಕೂತಿದಾನಲ್ಲ, ಆ ಮನುಷ್ಯ ಕೇಳಿದ, ಏನಿಡ್ತೀರಿ ಯಜಮಾನ್ರೇ ಅಂತ. ಆಟಿಕೆ ಅಂದೆ. ಮೊಮ್ಮಕ್ಕಳದ್ದಾ ಅಂದ. ನನ್ನದು ಅಂದೆ.

ಸರಿ, ಬರ್ಕೋ. ನಿನ್ನ ಅಕ್ಷರ ಗುಂಡಗಿದೆ. ಒಂದನೇ ಪೆಟ್ಟಿಗೆ. ಸೈಕಲ್ ತುಳಿಯೋ ಮಂಗ, ಕಾಳು ಹೆಕ್ಕೋ ಕೋಳಿ, ರೈಲು... ರೈಲಿಗೆ ಮೂರು ಡಬ್ಬಿ. ಎಲ್ಲಾ ಕೀ ಕೊಟ್ರೆ ಓಡೋವೇ. ನಲವತ್ತು ವರ್ಷ ವಾಚ್ ರಿಪೇರಿ ಮಾಡಿದೋನು ನಾನು. ಗಡಿಯಾರ ಓಡಿಸೋ ಸ್ಪ್ರಿಂಗು, ಕಪ್ಪೆ ಕುಣಿಸೋ ಸ್ಪ್ರಿಂಗು, ಎರಡೂ ಒಂದೇ ಜಾತಿ. ಗಿರಾಕಿಗಳು ಕೆಟ್ಟ ಆಟಿಕೆ ತಂದು, ಸರಿಯಾಗದಿದ್ರೆ ನೀವೇ ಇಟ್ಕೊಳ್ಳಿ ಅಂತಿದ್ರು. ಇಟ್ಕೊಂಡೆ. ಆಮೇಲೆ ಸರಿ ಮಾಡ್ದೆ. ಅದರಲ್ಲಿ ಮೋಸ ಏನೂ ಇಲ್ಲ. ಹಾಗೆ ಸೇರಿದ್ದು ಐವತ್ತೆರಡು.

ಎರಡನೇ ಪೆಟ್ಟಿಗೆ. ಇದು ಮುರಿದಿರೋವು. ಬಾತುಕೋಳಿ, ಕೊಕ್ಕು ಹೋಗಿದೆ. ಲಾಗ ಹಾಕೋ ಬಫೂನು, ಒಂದು ಕಾಲಿಲ್ಲ. ಕಪ್ಪೆ, ಕೀ ತಿರುಚಿದೆ. ಮೂರರ ಮುಂದೆಯೂ ಪುಟ್ಟಿ ಅಂತ ಬರಿ. ಯಾರು ಮುರಿದ್ರು ಅಂತ ಗೊತ್ತಾಗಬೇಕಲ್ಲ ಮುಂದೆ.

ಯಾಕೆ ನಿಲ್ಲಿಸಿದೆ? ಮಗಳ ಹೆಸರು ಬರೆಯೋಕೆ ಬೇಜಾರಾ? ನನಗೇನೂ ಕೋಪ ಇಲ್ಲಮ್ಮ. ಐದು ವರ್ಷದ ಮಗು, ಮುಟ್ಟಬೇಡ ಅಂದ್ರೆ ಮುಟ್ಟುತ್ತೆ. ಅದಕ್ಕೇ ತಾನೇ ಈ ಕೋಣೆ. ಮಗು ಮನೇಲಿರಲಿ, ಆಟಿಕೆ ಇಲ್ಲಿರಲಿ, ಯಾರಿಗೂ ತಂಟೆ ಬೇಡ...

ಹೋಗಲಿ, ಹೆಸರು ಬಿಡು. ಮುರಿದಿದೆ ಅಂತಷ್ಟೇ ಬರಿ.

ಪೆನ್ನು ನನಗ್ಯಾಕೆ ಕೊಡ್ತಿದೀಯ? ನಾನು ಬರೆಯಲ್ಲ. ಕನ್ನಡಕ ತಂದಿಲ್ಲ. ಹಣೆ ಮೇಲಿದೆಯಾ? ಓ. ಇದು ಓದೋ ಕನ್ನಡಕ ಅಲ್ಲ... ಸರಿ, ಓದೋದೇ. ಆದ್ರೂ ಬೇಡ. ಕೆಳಗೆ ಆಫೀಸಲ್ಲಿ ರುಜು ಹಾಕಿದ್ದೂ ನೀನೇ ಅಲ್ವಾ, ಇದನ್ನೂ ನೀನೇ ಬರಿ.

ಹಾಗೆ ನೋಡಬೇಡಮ್ಮ.

ಬೇಕಾದ್ರೆ ಬೈಯಿ.

...ಯಾವಾಗಿಂದ ಗೊತ್ತು ನಿನಗೆ? ಕಾಫಿ ಲೋಟಕ್ಕೆ ಅರ್ಧವೇ ಹಾಕ್ತಿದೀಯಲ್ಲ, ಎರಡು ತಿಂಗಳಿಂದ. ಆಗಿಂದಾನಾ? ನಾನು ಹಾಲು ಉಳಿಸ್ತಿದೀಯ ಅಂದ್ಕೊಂಡಿದ್ದೆ.

ಬಲಗೈ ಮಾತ್ರ. ಬೆಳಗ್ಗೆ ಹೊತ್ತು ನಡುಕ ಜಾಸ್ತಿ. ಬಾತುಕೋಳಿ ಜಾರಿತು. ಬಫೂನು ಜಾರಿದ. ಕಪ್ಪೆಗೆ ಕೀ ಕೊಡ್ತಾ ಇದ್ದೆ, ಕೈ ತಾನಾಗೇ ಅದುರಿ ಒಂದು ಕಡೆ ಹೊರಳಿಬಿಡ್ತು. ಅಷ್ಟೊತ್ತಿಗೆ ನಿನ್ನ ಗಂಡ ಬಂದ. ಯಾರಪ್ಪ ಮುರಿದಿದ್ದು ಅಂದ. ಪುಟ್ಟಿ ಅಲ್ಲೇ ನೆಲದ ಮೇಲೆ ಬಣ್ಣ ಹಚ್ಚುತ್ತಾ ಕೂತಿತ್ತು. ನಾನು ಅದರ ಕಡೆ ನೋಡ್ದೆ. ಬಾಯಿಬಿಟ್ಟು ಏನೂ ಹೇಳಲಿಲ್ಲ. ಬರೀ ನೋಡ್ದೆ. ಅಷ್ಟು ಸಾಕಾಯ್ತು.

ನಮ್ಮ ವಾಚ್ ಅಂಗಡೀಲಿ ಅವನು ಸಣ್ಣ ಸಣ್ಣ ವಾಚುಗಳನ್ನೆಲ್ಲ ಇನ್ನೂ ನನ್ನ ಮೇಜಿಗೇ ಕಳಿಸ್ತಾನೆ. ನಮ್ಮಪ್ಪನ ಕೈ ಅಂದ್ರೆ ಕೈ ಅಂತಾನೆ ಗಿರಾಕಿಗಳ ಮುಂದೆ. ಅವನಿಗೆ ಏನಂತ ಹೇಳಲಿ. ಆಟಿಕೆ ಮನೇಲಿದ್ರೆ ನಾನು ಸುಮ್ನಿರಲ್ಲ, ಮುಟ್ತೀನಿ. ಮುಟ್ಟಿದ್ರೆ ಮುರಿಯುತ್ತೆ. ಮುರಿದ್ರೆ ಮತ್ತೆ ಅವನು ಕೇಳ್ತಾನೆ, ಮತ್ತೆ ನಾನು...

ಅವತ್ತು ಅವನು ಗದರಿಸಿದ ಮೇಲೆ ಗೋಡೆ ಕಡೆ ಮುಖ ಮಾಡಿ ನಿಂತಿತ್ತಲ್ಲ ಪುಟ್ಟಿ. ಆಮೇಲೆ ನನ್ನ ಹತ್ರ ಬಂದು, ತಪ್ಪಾಯ್ತು ತಾತ, ಇನ್ಮೇಲೆ ಮುಟ್ಟಲ್ಲ ಅಂತು. ಮುಟ್ಟೇ ಇರಲಿಲ್ಲ ಅದು. ನಾನು, ಹೋಗಲಿ ಬಿಡು ಕಂದ ಅಂದೆ. ಕ್ಷಮಿಸಿಬಿಟ್ಟೆ, ಗೊತ್ತಾ. ತಲೆ ಬೇರೆ ಸವರಿದೆ. ಎಡಗೈಯಲ್ಲಿ.



ಸರಿ. ನಿನ್ನ ಗಂಡನಿಗೆ ಸಂಜೆ ಅಂಗಡೀಲೇ ಹೇಳ್ತೀನಿ. ಮೊದಲು ಸ್ಕೂಲು... ಎಷ್ಟೊತ್ತಿಗೆ ಬಿಡುತ್ತೆ? ಇವತ್ತು ಪುಟ್ಟಿನ ಕರ್ಕೊಂಡು ಬರೋಕೆ ನಾನೂ ಬರ್ತೀನಿ. ನೀನು ಗೇಟಿನಿಂದ ಸ್ವಲ್ಪ ದೂರ ನಿಂತಿರು. ನನಗೆ ಅದರ ಹತ್ರ ಒಂದು ಮಾತಾಡೋದಿದೆ.