ಕರೆಂಟಿಗೆ ಅಲುಗಿದ ಹೆಬ್ಬೆರಳು

ಜತ್ತಿನ ಮೋಟಾರ್ ಸ್ಟ್ಯಾಂಡಿನಲ್ಲಿ ಗುಡ್ಡಾಪುರದ ಗಾಡಿಗೆ ಕಾಯುತ್ತಿದ್ದ ಗೌರವ್ವನ ಪಕ್ಕದಲ್ಲೇ ಉಟಗಿಯ ಕುರುಬ ಶಿದ್ರಾಯ, ಅವನ ಹೆಂಡತಿ ಯಮನವ್ವ ಬಂದು ಕೂತರು. ಮಿರಜಿನ ದವಾಖಾನೆಯಿಂದ ಮರಳಿದವರು. ಕುಡಗೋಲು ತಾಗಿದ ಅವನ ಬಲ ಮಣಿಕಟ್ಟಿನ ಗಾಯ ಮಾಯ್ದು ವರುಷ ದಾಟಿದ್ದರೂ ಬೆರಳುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ.

“ಡಾಕ್ಟರು ಕರೆಂಟಿನ ತಂತಿ ಹಚ್ಚಿದ ಕೂಡಲೆ ಹೆಬ್ಬೆರಳು ಅಲಗ್ಯಾಡಿತು. ನೀನೂ ನೋಡಿದಿ,” ಎಂದ ಶಿದ್ರಾಯ.

“ನೋಡೀನಿ.”

“ಮತ್ತ, ಕೈಯಾಗ ಜೀವ ಐತಿ. ಈ ಸಲ ಕುರಿ ಉಣ್ಣೆ ಕತ್ತರಸಾಕ ನಾನ ಕುಂದರತೀನಿ.”

ಯಮನವ್ವ ಅವನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಎಡಗೈಗೆ ಹಚ್ಚಿದಾಗ ಬೆರಳು ಟಣ್ಣಂತ ಜಿಗೀತು. ಬಲಗೈದು ಹುಳ ಹೊಳ್ಳಿದಂಗ ಸಾವಕಾಶ ಹೊಳ್ಳಿತು. ಹಂಗ ಹೊಳ್ಳಿದ್ರ ನರ ಸತ್ತಂಗ, ಇನ್ನ ಬರೂದಿಲ್ಲ ಅಂತ ಡಾಕ್ಟರು ನನ್ನ ಮುಂದ ಅಂದ್ರು.”

“ನನ್ನ ಮುಂದ ಯಾಕ ಅನಲಿಲ್ಲ?”

“ನೀವು ಹೆಬ್ಬೆರಳು ನೋಡಿಕೋತ ನಗಾಕತ್ತಿದ್ರಿ.”

“ಸತ್ತದ್ದು ಅಲಗ್ಯಾಡತೈತೇನ?”

“ಕುರಿ ಕೊಯ್ದ ಮ್ಯಾಲೂ ತೊಡಿ ಅದರತೈತಿ. ಮದಿವ್ಯಾದ ವರ್ಷ ನೀವ ತೋರಿಸಿದ್ರಿ.”

ಗೌರವ್ವ ಮುಖ ತಿರುಗಿಸಿ ರಸ್ತೆಯ ಕಡೆ ನೋಡಿದಳು. ಉಟಗಿಯ ಗಾಡಿ ಧೂಳೆಬ್ಬಿಸುತ್ತ ಬಂದು ನಿಂತಿತು. ತನ್ನ ಕೈ ಯಾವ ಕೆಲಸ ಮಾಡಬೇಕೆಂದು ಡಾಕ್ಟರಿಗೆ ತೋರಿಸಲು ಒಯ್ದಿದ್ದ ಉಣ್ಣೆಯ ಕತ್ತರಿಯನ್ನು ಶಿದ್ರಾಯ ಎಡಗೈಯಿಂದ ಚೀಲದೊಳಗಿಂದ ತೆಗೆದ.

“ಇದನ್ನ ನನ್ನ ತಮ್ಮ ವಿಠೋಬಗ ಕೊಡು. ನಾ ಮನ್ಯಾಗ ಇಲ್ಲದಾಗ ಕಲ್ಲಿಗೆ ಮಸದು ಹರಿತ ಮಾಡು ಅನ್ನು.”

ಯಮನವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಅವನಿಗಿಂತ ಮೊದಲು ಗಾಡಿ ಹತ್ತಿದಳು.