ಕಾಲು ನನ್ನದು, ಮಾತುಕತೆ ಅವರಿಬ್ಬರದು

ವೇದಿಕೆಯ ನಡುವೆ ಕೂತಿರುವ ಅಧ್ಯಕ್ಷರಾದ ಮರುಳಪ್ಪನವರೇ, ಅವರ ಅಕ್ಕಪಕ್ಕದ ದೊಡ್ಡವರೇ, ಇವತ್ತು ಚಳ್ಳಕೆರೆ ಬಿಟ್ಟು ಹೊರಟಿರುವ ಮೂಳೆ ಡಾಕ್ಟರು ಜ್ಯೋತಿಲಕ್ಷ್ಮಿಯವರೇ, ಫ್ಯಾನಿನ ಕೆಳಗೇ ಜಾಗ ಹಿಡಿದಿರುವ ಜಾಣ ಸಭಿಕರೇ, ಮೊಳಕಾಲ್ಮೂರಿನ ಗೋವಿಂದಮ್ಮನ ಶರಣು.

ನಾನು ಓದಿದ್ದು ಮೂರನೇ ಕ್ಲಾಸು. ನನಗಿಂತ ಮುಂಚೆ ಮಾತಾಡಿದವರೆಲ್ಲ ಡಾಕ್ಟರಮ್ಮನನ್ನು ದೇವರು ಎಂದರು. ದೇವರು ಯಾವತ್ತಾದರೂ ಸ್ಟೂಲು ಎಳೆದುಕೊಂಡು ನಿಮ್ಮ ಪಕ್ಕ ಕೂತಿದ್ದಾನೆಯೇ? ಇವರು ಕೂತರು. ಬಂದ ಕೂಡಲೇ ಕೂರಲಿಲ್ಲ, ಅದನ್ನೂ ಹೇಳಬೇಕಲ್ಲ!

ಹೋದ ವರ್ಷ ಮಗ್ಗದ ಗುಂಡಿಯಿಂದ ಮೇಲೇಳುವಾಗ ಜಾರಿ ಬಿದ್ದು ತೊಡೆಸಂದಿನ ಮೂಳೆ ಮುರಿದುಕೊಂಡೆ. ಮಗ ಸೂರಪ್ಪ ಇಲ್ಲಿಗೆ ಕರೆತಂದ. ನಾವು ನೇಕಾರರು, ಮನೆಯಲ್ಲಿ ತೆಲುಗು. ನೋವಿಗೆ ನಾನು ತೆಲುಗಿನಲ್ಲೇ ಬೈಯುತ್ತಿದ್ದೆ. ಮೈಸೂರು ಕಡೆಯ ಡಾಕ್ಟರಮ್ಮ, ಈ ಮುದುಕಿಗೆ ಕನ್ನಡ ಬಾರದು ಎಂದುಕೊಂಡರು. ಸೂಜಿ ಚುಚ್ಚಿದ ಮೇಲೆ ಅವ್ವನಿಗೆ ನಿದ್ದೆ ಹತ್ತಿದೆ ಎಂದು ಮಗ ಅಂದುಕೊಂಡ. ಇಬ್ಬರೂ ನನ್ನ ತಲೆಯ ಮೇಲೆಯೇ ಮಾತಿಗೆ ನಿಂತರು.

“ಹಾರ್ಟ್ ವೀಕ್ ಇದೆ. ಆಪರೇಷನ್ ಮಾಡಿದರೆ ಜೀವಕ್ಕೇ ಅಪಾಯ. ಈ ವಯಸ್ಸಿನಲ್ಲಿ ಓಡಾಡಿ ಏನಾಗಬೇಕು? ಹಾಸಿಗೆಯಲ್ಲೇ ಇರಲಿ.”

“ಹಂಗೇ ಮಾಡ್ರಿ ಮೇಡಂ. ಅವ್ವಂಗೆ ಮಾತ್ರ ಏನೂ ಹೇಳಬ್ಯಾಡ್ರಿ.”

ನಾನು ಕಣ್ಣು ಬಿಟ್ಟೆ. “ಏಮೀ ಲೇದಮ್ಮಾ,” ಏನೂ ಇಲ್ಲಮ್ಮ ಎಂದ ಮಗ. ಕನ್ನಡದಲ್ಲಿ ಹೋಗಲಿದ್ದ ಜೀವ ತೆಲುಗಿನಲ್ಲಿ ಉಳಿದಿತ್ತು!

“ಡಾಕ್ಟ್ರಮ್ಮ, ಮುರಿದಿರೋದು ಸೂರಪ್ಪನ ಕಾಲಾ, ನಂದಾ?” ಎಂದೆ, ಕನ್ನಡದಲ್ಲೇ.

ಅವರ ಮುಖ ಕೆಂಪಾಯಿತು. ಆಗ ಸ್ಟೂಲು ಎಳೆದುಕೊಂಡರು.

“ಕುಯ್ದ್ರೆ ಸಾಯ್ತೀನಾ?”

“ಸಾಯಬಹುದು.”

“ಮಲಗಿದ್ರೆ?”

“ಬದುಕಬಹುದು. ಎಲ್ಲಕ್ಕೂ ಇನ್ನೊಬ್ಬರು ಎತ್ತಬೇಕು.”

“ಬಚ್ಚಲಿಗೂ?”

“ಅದಕ್ಕೂ. ನಿಮಗೇನು ಬೇಕು ಅಜ್ಜಿ?”

ಸಭಿಕರೇ, ಶಾಲೆ ಬಿಡಿಸಿದಾಗ ನನ್ನನ್ನು ಯಾರಾದರೂ ಕೇಳಿದರೇ? ಮದುವೆ ಗೊತ್ತುಮಾಡಿದಾಗ ಕೇಳಿದರೇ? ನಾನು ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದೆ, ಪಕ್ಕದಲ್ಲೇ ಅಪ್ಪ ಹೂಂ ಅಂದುಬಿಟ್ಟ. ಗಂಡ ಒಳ್ಳೆಯವನೇ, ಆಡಿಕೊಳ್ಳುತ್ತಿಲ್ಲ. ಆದರೆ ಬಾಳು ಪೂರ್ತಿ ನಾನು ಉಂಡೆನಾ ಎಂದು ಕೇಳಿದವನಲ್ಲ. ಹಾಗಾಗಿ ಡಾಕ್ಟರಮ್ಮ ಕೇಳಿದಾಗ ಉತ್ತರ ಕೊಡುವ ರೂಢಿಯೇ ನನಗಿರಲಿಲ್ಲ. ನಾನು ಸುಮ್ಮನಿದ್ದುದನ್ನು ಕಂಡು ಮಗ ಹೆದರಿಬಿಟ್ಟ. ಅವನು ಹುಟ್ಟಿದ ಮೇಲೆ ನನ್ನ ಬಾಯಿ ಮುಚ್ಚಿದ್ದು ಅದೇ ಮೊದಲು.

“ಕುಯ್ರಿ,” ಎಂದೆ.

ಎಲ್ಲ ಸರಿಹೋಯಿತು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಸರಿಹೋಗಲಿಲ್ಲ. ಕಾಲು ಗಿಡ್ಡವಾಯಿತು, ಮಗ್ಗಕ್ಕೆ ಇಳಿಯಲಾರೆ. “ನಾನು ಆವತ್ತೇ ಹೇಳಿದ್ದೆ” ಎಂದು ಡಾಕ್ಟರಮ್ಮ ಒಂದು ದಿನವೂ ಅಂದಿಲ್ಲ. ಸೂರಪ್ಪ ದಿನಾ ಅನ್ನುತ್ತಾನೆ. ಅನ್ನಲಿ. ಬಚ್ಚಲಿಗೆ ನಾನೇ ಹೋಗುತ್ತೇನೆ, ಚಿಲಕ ಒಳಗಿನಿಂದ ನಾನೇ ಹಾಕಿಕೊಳ್ಳುತ್ತೇನೆ. ಇದಕ್ಕಿಂತ ಸುಖ ಇನ್ನೇನಿದೆ?

ಡಾಕ್ಟರಮ್ಮ, ಮುಂದಿನ ಊರಿನಲ್ಲಿ ಎಂಥ ಮುದುಕಿ ಸಿಕ್ಕರೂ ಮೊದಲು ಅವಳನ್ನೇ ಕೇಳಿ. ಈ ತಟ್ಟೆಯಲ್ಲಿರುವ ಸೀರೆ ನಮ್ಮ ಮಗ್ಗದ್ದು. ಬಣ್ಣ ನಾನೇ ಆರಿಸಿದೆ, ನಿಮ್ಮನ್ನು ಕೇಳಲಿಲ್ಲ. ಹಿಡಿಸದಿದ್ದರೆ ಬಾಯಿಬಿಟ್ಟು ಹೇಳಿ, ಸೂರಪ್ಪ ಇನ್ನೊಂದು ನೇಯುತ್ತಾನೆ. ಅವನನ್ನು ಕೇಳಬೇಕಾಗಿಲ್ಲ.

ಮೈಕು ಕೊಟ್ಟವರಿಗೂ, ನಡುವೆ ಕಸಿದುಕೊಳ್ಳದವರಿಗೂ ಉಪಕಾರ. ನಮಸ್ಕಾರ.