ಉಪ್ಪಿನ ಬಯಲಿನಲ್ಲಿ ಊಟಕ್ಕೆ ಕರೆದದ್ದು

ಸುರೇಬಾನದ ಕೊನೆಯ ಓಣಿಯಲ್ಲಿ ಲಾಲಸಾಬನ ಮನೆಯ ತಗಡಿನ ಮೇಲೆ ಮಧ್ಯಾಹ್ನದಿಂದಲೂ ಮಳೆ ಒಂದೇ ಸಮನೆ ಬೀಳುತ್ತಿತ್ತು. ಸಂಜೆಯ ರಾಮದುರ್ಗದ ಬಸ್ಸು ಬರುವುದಿಲ್ಲವೆಂದು ಯಾರೋ ಹೇಳಿ ಹೋದ ಮೇಲೆ ರಂಜನಾ ಕೊಡೆಯನ್ನು ಮೂಲೆಗೆ ಒರಗಿಸಿ ಚಾಪೆಯ ಮೇಲೆ ಕುಳಿತಳು. ಕರೆಂಟು ಹೋಗಿತ್ತು. ಲಾಲಸಾಬನ ಹೆಂಡತಿ ಮಕ್ತುಮಬಿ ಕಂದೀಲು ಹಚ್ಚಿ ತಂದಿಟ್ಟಳು. ಸೊಸೆ ಅಂಬರೀನ ಅಕ್ಕಿಯ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕುಳಿತಳು.

ರಂಜನಾ ಬಂದದ್ದು ಒಂದು ಮಾತು ಕೇಳಲು. ಅವಳ ತಂದೆ ನೀಲಕಂಠರಾಯರು ತೀರಿಕೊಂಡು ನಾಳಿದ್ದಿಗೆ ಒಂದು ವರ್ಷ. ಹೂಲಿಯ ಮನೆಯಲ್ಲಿ ಶ್ರಾದ್ಧ. ಗಂಡುಮಕ್ಕಳಿಲ್ಲದ್ದರಿಂದ ಅವಳ ಕಾಕಾನ ಮಗ ಕೌಶಿಕ ಕ್ರಿಯೆ ಮಾಡುವವನಿದ್ದ. ಆದರೆ ಸಾಯುವ ಮೊದಲು ರಾಯರು ಮಗಳ ಕೈ ಹಿಡಿದು ಹೇಳಿದ್ದು ಒಂದೇ ಮಾತು: ನನ್ನ ಹೆಸರು ಹಿಡಿದು ಯಾರೂ ಊಟಕ್ಕೆ ಕರೆಯಬೇಡಿ. ಶ್ರಾದ್ಧವೆಂದ ಮೇಲೆ ಹೆಸರು ಹಿಡಿದು ಕರೆಯದಿದ್ದರೆ ಹೇಗೆ? ಕರೆಯದೆ ಬಿಟ್ಟರೆ ಸತ್ತವರು ಹಸಿದುಕೊಂಡೇ ಉಳಿಯುತ್ತಾರೆ ಎಂದು ಹಿರಿಯರು ಹೇಳುತ್ತಿದ್ದರು. ತಂದೆಯ ಮಾತು ಮೀರುವುದೋ, ತಂದೆಯನ್ನು ಹಸಿವಿನಲ್ಲಿ ಬಿಡುವುದೋ, ಅವಳಿಗೆ ತಿಳಿಯದಾಗಿತ್ತು.

ಆ ಮಾತಿನ ಹಿಂದೆ ಒಂಬತ್ತು ವರ್ಷಗಳ ಮೌನವಿತ್ತು. ಆಫ್ರಿಕಾದಿಂದ ಬಂದ ಮೇಲೆ ರಾಯರು ಯಾರನ್ನೂ, ಮನೆಯ ಹೊಸ್ತಿಲಲ್ಲಿ ನಿಂತವರನ್ನೂ, ಊಟ ಮಾಡ ಬನ್ನಿ ಎಂದು ಕರೆದವರಲ್ಲ. ರಂಜನಾಳ ಮದುವೆಯಲ್ಲಿ ಬೀಗರು ಪಂಕ್ತಿಯ ಮುಂದೆ ಕಾದು ನಿಂತರೂ ಬಾಯಿ ತೆರೆಯಲಿಲ್ಲ. ಜಿಪುಣನೆಂದರು, ಸೊಕ್ಕಿನವನೆಂದರು. ತಾಯಿ ಕಮಲಾಬಾಯಿ ಆ ಅವಮಾನವನ್ನು ನುಂಗಿಕೊಂಡೇ ಹೋದಳು. ಆಫ್ರಿಕಾದಲ್ಲಿ ರಾಯರ ಜೊತೆಗಿದ್ದವನು ಲಾಲಸಾಬನೊಬ್ಬನೇ.

"ಹತ್ತ ವರ್ಷ ಆತು, ನನಗ ಒಂದ ಅಕ್ಷರ ಹೇಳಿಲ್ಲ ಈ ಮನಶಾ," ಎಂದಳು ಮಕ್ತುಮಬಿ. "ನಿಮಗರ ಹೇಳ್ತಾರೇನ ನೋಡ್ರಿ."

"ನಿನಗ ಹೇಳಿದ್ರ ಮುಂಜಾನಿ ಅನ್ನೂದ್ರಾಗ ರಾಮದುರ್ಗಕ್ಕ ಮುಟ್ಟತಿತ್ತು," ಎಂದ ಲಾಲಸಾಬ. ಆಮೇಲೆ ಬಹಳ ಹೊತ್ತು ಮಳೆಯನ್ನೇ ಕೇಳುತ್ತ ಕುಳಿತ. ರಂಜನಾ ಒತ್ತಾಯಿಸಲಿಲ್ಲ. ತಂದೆಯ ಮನೆಯಲ್ಲಿ ಬೆಳೆದವಳಿಗೆ ಕಾಯುವುದು ಗೊತ್ತಿತ್ತು.

"ಕೇಳವಾ ಮಗಳ... ತೊಂಬತ್ತೇಳನೇ ಇಸವಿ. ನಾ ಬೋರ್ ಹೊಡಿಯೂ ಗಾಡಿ ಡ್ರೈವರ್, ನಿಮ್ಮ ಅಪ್ಪಾರು ನೆಲಾ ನೋಡಿ ನೀರ ಎಲ್ಲೈತಿ ಅಂತ ಹೇಳಾವ್ರು. ಕಂಪನಿಯವ್ರು ಇಬ್ಬರನ್ನೂ ನಮೀಬಿಯಾಕ್ಕ ಕಳಿಸಿದ್ರು. ಎಂಟ ತಿಂಗಳ ಕೆಲಸ. ಅಲ್ಲೂ ಸಜ್ಜಿ ಬೆಳೀತಾರ, ನಮ್ಮ ಸಜ್ಜಿನ. ನಾ ರೊಟ್ಟಿ ಬಡೀತಿದ್ದೆ, ರಾಯರು ಉಣ್ಣತಿದ್ರು. ಮೊದಲನೇ ದಿನ ನಾ ಕೇಳಿದೆ, ರಾಯರ, ನನ್ನ ಕೈಯಾನ ರೊಟ್ಟಿ ನಡೀತೈತೇನ್ರಿ? ಅವ್ರಂದ್ರು, ಲಾಲಸಾಬ, ಸಮುದ್ರ ದಾಟಿದಾಗನ ನನ್ನ ಮಡಿ ನೀರಾಗ ಬಿತ್ತು, ಇನ್ನ ನಿನ್ನ ರೊಟ್ಟಿ ಸೀದಿರಲಿಲ್ಲಂದ್ರ ಸಾಕು..."

ಅಂಬರೀನ ಸಣ್ಣಗೆ ನಕ್ಕಳು. ತಂದೆ ತಮಾಷೆ ಮಾಡುತ್ತಿದ್ದರೆಂಬುದೇ ರಂಜನಾಗೆ ಮರೆತುಹೋಗಿತ್ತು.

"ಕೆಲಸ ಮುಗಿಯಾಕ ಬಂದಿತ್ತು. ಕಂಪನಿಯವ್ರು ಒಂದ ದಿನ ಪ್ರಾಣಿ ನೋಡಾಕ ಕಳಿಸಿದ್ರು. ದೊಡ್ಡ ಕಾಯ್ದಿಟ್ಟ ಕಾಡು ಅದು. ಕಾಡಂದ್ರ ಗಿಡಾ ಅಲ್ಲವಾ... ಮುಳ್ಳಕಂಟಿ, ಅದರ ನಡುವ ಉಪ್ಪಿನ ಬಯಲು. ಎಷ್ಟ ದೊಡ್ಡದಂತಿ? ಬೈಲಹೊಂಗಲ, ಕಿತ್ತೂರ, ಸವದತ್ತಿ ಎಲ್ಲಾ ಅದರಾಗ ಹಾಕಿದ್ರೂ ಜಾಗಾ ಉಳೀತೈತಿ. ಒಂದ ಕಡ್ಡಿ ಹುಲ್ಲಿಲ್ಲ. ಮುಂಜಾನಿ ಜಿರಾಫ್ ನೋಡಿದ್ವಿ, ಮೈಗೆಲ್ಲಾ ಬಿಳಿ ಮಣ್ಣ ಬಡಕೊಂಡ ಆನಿ ನೋಡಿದ್ವಿ, ಅವು ಸುಣ್ಣಾ ಹಚ್ಚಿದ ಗ್ವಾಡಿ ನಡದಂಗ ಕಾಣತಿದ್ವು. ಮಧ್ಯಾಹ್ನಕ್ಕ ನಮ್ಮ ಡ್ರೈವರ್, ಯೋಹಾನೆಸ್ ಅಂತ, ಬಯಲಿನ ದಂಡಿಗೆ ಗಾಡಿ ನಿಲ್ಲಿಸಿದ. ಕೆಳಗ ಇಳಿಯಂಗಿಲ್ಲ, ಸಿಂಹದ ಅಂಜಿಕಿ. ಗಾಡ್ಯಾಗ ಕುಂತ ಬುತ್ತಿ ಬಿಚ್ಚಿದ್ವಿ.

ಅಲ್ಲೇನ ಶಾಂತ ಅಂತಿ ಮಗಳ... ರೊಟ್ಟಿ ಮುರದ ಸಪ್ಪಳ ನಮಗ ದೊಡ್ಡದ ಕೇಳತಿತ್ತು. ಬಿಸಲಗುದರಿ ಹರೀತಿತ್ತು, ದೂರ ಎಲ್ಲಾ ನೀರ ನಿಂತಂಗ. ಆ ನೀರಿನ್ಯಾಗ ಒಬ್ಬ ಮನಶಾ ಅಡ್ಡ ಹೊಂಟಿದ್ದ. ಸಣ್ಣಾಗಿ, ಕರ್ರಗ, ಒಬ್ಬನ. ನಮ್ಮ ಕಡೆ ನೋಡೂದೂ ಇಲ್ಲ. ಈಗ ನೀನ ಹೇಳು, ನಾವು ಉಣ್ಣಾಕ ಕುಂತಾಗ ಯಾರರ ಮುಂದ ಹಾದ ಹೋದ್ರ ಏನಂತೀವಿ?"

"ಊಟಾ ಮಾಡ ಬರ್ರಿ ಅಂತೀವಿ," ಎಂದಳು ರಂಜನಾ.

"ಹಾಂ. ಅವ್ರೇನಂತಾರ? ನಿಮ್ಮದಾಗಲ್ರಿ ಅಂತಾರ, ಮುಂದ ಹೋಗ್ತಾರ. ಕರಿಯೂದು ನಮ್ಮ ಧರ್ಮ, ಬರದಿರೂದು ಅವರ ಧರ್ಮ. ಹುಟ್ಟಿದಾಗಿಂದ ಬಾಯಿಗೆ ಬಂದ ರೂಢಿ. ಯಾ ದೇಶದಾಗ ಅದೇನಿ ಅಂತ ನನಗ ನೆನಪರ ಬರಬೇಕಲ್ಲ? ತುತ್ತ ಬಾಯಾಗ ಇಟಗೊಂಡ ಕೈ ಎತ್ತಿ ಅಂದೆ, ಊಟಾ ಮಾಡ ಬರ್ರೀ...

ನಾ ಅಂದೆ ಮಗಳ. ನಿಮ್ಮ ಅಪ್ಪಾರಲ್ಲ. ನಾನ."

ಅವನ ದನಿ ಕುಗ್ಗಿತು. ಮಕ್ತುಮಬಿ ಕಂದೀಲಿನ ಬತ್ತಿಯನ್ನು ಏರಿಸಿದಳು.

"ಅಂವ ನಿಂತ. ತಿರುಗಿದ. ನಮ್ಮ ಕಡೆ ಬರಾಕ ಹತ್ತಿದ. ಯೋಹಾನೆಸ್, ಯಾರನ್ನ ಕರದಿ ಅಂತ ನನ್ನ ಕೇಳಿದ. ನಾ ಬಟ್ಟ ಮಾಡಿ ತೋರಿಸಿದೆ. ಯೋಹಾನೆಸನ ಮಾರಿ ಬೂದಿ ಆತು. ನಾವು ಇಲ್ಲಿ ನೋಡತೇವಿ, ಕರಿಯೂದಿಲ್ಲ ಅಂದ. ಹಿಂದಕ ಒಬ್ಬಾಂವ ಈ ಉಪ್ಪಿನ್ಯಾಗ ನೀರಿಲ್ಲದ ನಡಕೊಂತ ಬಂದನಂತ. ದಂಡಿಗೆ ಒಂದ ಬಂಡಿ ನಿಂತಿತ್ತು, ಮಂದಿ ಉಣ್ಣಾಕ ಹತ್ತಿದ್ರು. ಅವ್ರು ಅಂವನ್ನ ಬಿಸಲಗುದರಿ ಅಂದಕೊಂಡ್ರು. ನೋಡಕೋತ ಉಂಡ್ರು. ಯಾರೂ ಬಾ ಅನ್ನಲಿಲ್ಲ. ಅಂವ ಅಲ್ಲೇ ಬಿದ್ದ. ಆವತ್ತಿಂದ ಒಬ್ಬರರ ಕರೀಲಿ ಅಂತ ತಿರುಗ್ತಾನ, ಕರದವ್ರ ಬೆನ್ನ ಹತ್ತಿ ಅವರ ಮನೀತನಕಾ ಹೋಗ್ತಾನಂತ...

ಗಾಡಿ ಚಾಲೂ ಆಗವಲ್ದು. ಅಂವ ಹತ್ತ ಮಾರಿನ ಮ್ಯಾಲ ಬಂದ. ತುಟಿ ಮ್ಯಾಲ ಉಪ್ಪ ಕಟ್ಟಿತ್ತು. ಉಪ್ಪಿನ ಮ್ಯಾಲ ನಡದ್ರ ಪರಪರ ಅಂತೈತಿ, ಅಂವ ನಡದ್ರ ಏನೂ ಇಲ್ಲ. ನೋಡಿದ್ದು ನನ್ನ ಒಬ್ಬನ್ನ. ಕರದಾಂವ ನಾನಲ್ಲಾ. ಆವಾಗ ಇದ... ಇವಳ ಹೊಟ್ಟ್ಯಾಗ ನನ್ನ ಸಣ್ಣ ಮಗಳು," ಮಕ್ತುಮಬಿಯತ್ತ ಕೈ ತೋರಿದ. "ರಾಯರಿಗೆ ಅದು ಗೊತ್ತಿತ್ತು. ಅವ್ರು ನನ್ನ ಹಿಂದ ಸರಿಸಿ, ಕಿಡಕ್ಯಾಗ ಮಾರಿ ಹಾಕಿ, ತಡಾ ಮಾಡಿ ಬಂದ ಬೀಗರ ಕೂಡ ಮಾತಾಡಿದಂಗ ಸಮಾಧಾನದಿಂದ ಅಂದ್ರು: ಇಂವ ಕರದದ್ದು ಹಿಡೀಬ್ಯಾಡ್ರಿ. ಇವನ ಬುತ್ತಿ ಸಣ್ಣದದ. ಹೂಲಿ ನೀಲಕಂಠನ ಹೆಸರಿಲೆ ಊಟಕ್ಕ ಕರೀತಾರ, ಆವಾಗ ಬರ್ರಿ.

ಅಂವ ನಿಂತ. ಗೋಣ ಹಾಕಿದ. ಅಲ್ಲೇ ಉಪ್ಪಿನ ಮ್ಯಾಲ ಚಕ್ಕಳಮಕ್ಕಳ ಹಾಕಿ ಕುಂತ, ಪಂಕ್ತಿಗೆ ಕುಂತಂಗ. ಗಾಡಿ ಚಾಲೂ ಆತು. ಆಮ್ಯಾಲ ರಾಯರು ಯಾರಿಗೂ ಊಟಕ್ಕ ಬಾ ಅನ್ನಲಿಲ್ಲ, ಅಂದ್ರ ಅಂವ ಎದ್ದ ಬರ್ತಾನಂತ ಅಂಜಿಕಿ."

ರಂಜನಾಳ ಕಣ್ಣ ಮುಂದೆ ಮದುವೆಯ ಪಂಕ್ತಿ ಬಂತು. ಬಾಗಿಲ ಬಳಿ ತುಟಿ ಬಿಗಿದು, ಕೈ ಮುಗಿದುಕೊಂಡು ನಿಂತಿದ್ದ ತಂದೆ. ಎಲ್ಲರೂ ಸೊಕ್ಕೆಂದು ತಿಳಿದ ಆ ಮುಖದಲ್ಲಿ ಬೇರೇನಿತ್ತೆಂದು ಒಮ್ಮೆಯೂ ಕೇಳದೆ ಉಳಿದವರಲ್ಲಿ ತಾನೂ ಒಬ್ಬಳು.

"ನೀವ್ಯಾಕ ಮೊದಲ ಹೇಳಲಿಲ್ಲ, ಚಾಚಾ?"

"ಬ್ಯಾಡಂದಿದ್ರು. ನಿನ್ನ ಕೂಸಿನ ತಲೀ ಮ್ಯಾಲ ಈ ಮಾತು ಬರೂದ ಬ್ಯಾಡ ಅಂದ್ರು. ಮಂದಿ ಅವರಿಗೆ ಜಿಪುಣ ಅಂದಾಗೆಲ್ಲಾ ನಾನೂ ಕೇಳಿದೇನಿ. ಸುಮ್ಮನ ಕುಂತೇನಿ. ಅದಕಿಂತ ದೊಡ್ಡ ದೆವ್ವ ಯಾವುದೈತಿ ಹೇಳು?"

ಮಳೆ ಸ್ವಲ್ಪ ತಗ್ಗಿತು. ರಂಜನಾ ಕೈಬೆರಳುಗಳನ್ನು ಹೆಣೆದುಕೊಂಡು ಯೋಚಿಸಿದಳು. ಕರೆಯದೆ ಬಿಟ್ಟರೆ ತಂದೆಯೂ ಆ ಬಯಲಿನವನ ಹಾಗೆಯೇ, ಯಾರೂ ಬಾ ಅನ್ನದವನು. ಉಣ್ಣುತ್ತ ನೋಡುತ್ತ ಕುಳಿತವರು ತಾವು.

"ಚಾಚಾ, ನಾಳಿದ್ದು ಎರಡು ಎಲಿ ಹಾಕಸ್ತೀನಿ," ಎಂದಳು. "ಅಪ್ಪನ ಹೆಸರಿಲೇ ಕರೀತೀವಿ. ಇಬ್ಬರೂ ಉಣ್ಣಲಿ."

ಲಾಲಸಾಬ ಹೌದೆಂಬಂತೆ ಗೋಣು ಹಾಕಿದ.

"ಹಾಕಸವಾ. ಅದ ಖರೆ. ಈ ಬ್ಯಾಸಗಿಯೊಳಗ ಮುನವಳ್ಳಿ ಕಡೆ ಬಸ್ಸಿನ್ಯಾಗ ಹೊಂಟಿದ್ದೆ. ನವಿಲುತೀರ್ಥ ಡ್ಯಾಮಿನ ನೀರ ಹಿಂದ ಸರದ ನೆಲಾ ಬೆಳ್ಳಗ ಬಿರದಿತ್ತು. ಅದರ ನಡುವ ಕುಂತಿದ್ರು, ಪಂಕ್ತಿಗೆ ಕುಂತಂಗ. ಇಬ್ಬರ ಇದ್ರು ಮಗಳ... ಒಬ್ಬಾತನ ಬೆನ್ನ ನನಗ ಗುರ್ತ ಹತ್ತಿತು.

ಉಣ್ಣಾಕ ಬರತಾರ, ಅದರ ಚಿಂತಿ ಇಲ್ಲ. ಉಂಡ ಮ್ಯಾಲ ಏನ ಮಾಡತಿ ಅಂತ ನಾ ಇಲ್ಲಿ ಕುಂತ ವಿಚಾರ ಮಾಡಾಕ ಹತ್ತೇನಿ. ಬಂದಾವ್ರಿಗೆ ಹೋಗ್ರಿ ಅನ್ನೂದು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ಹೋಗಿ ಬರ್ರಿ ಅಂತೀವಿ."